ಹರಳೆಣ್ಣೆಯ ಕುಂಕುಮ

ಹೆಸರು ಕುಳ್ಳಮ್ಮ, ಆಳು ಮಾತ್ರ ನನಗಿಂತ ಒಂದು ಗೇಣು ಎತ್ತರ. ಹುಟ್ಟಿದಾಗ ಅಂಗೈಯಗಲ ಇದ್ದಳಂತೆ. ಅವರಜ್ಜಿ ಕುಳ್ಳಿ ಎಂದು ಕರೆದದ್ದು ಹಾಗೇ ನಿಂತುಬಿಟ್ಟಿತಂತೆ. ನಾಗಮಂಗಲದ ನಮ್ಮ ಕೆರೆ ಏರಿಯ ಮೇಲೆ ಬೆಳಗ್ಗೆ ಆರಕ್ಕೆಲ್ಲ ತಲೆಗೆ ಟವಲು ಸುತ್ತಿಕೊಂಡು, ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ತೌಡಿನ ಬಕೆಟ್ಟು ಹಿಡಿದು ಬರುವ ಉದ್ದನೆಯ ಹೆಂಗಸನ್ನು ವಾಕಿಂಗಿನವರೆಲ್ಲ ನೋಡಿದ್ದಾರೆ. ಹೆಸರು ಕೇಳಿದವರು ಕಡಿಮೆ. ನಾನೂ ಒಂದು ವರ್ಷ ಕೇಳಿರಲಿಲ್ಲ. ಈಗ ಅವಳ ಬಗ್ಗೆ ಬರೆಯಲು ಕೂತಿದ್ದೇನೆ, ಯಾಕೆಂದರೆ ಅವಳಿಗೆ ನಾನೊಂದು ಮಾತು ಹೇಳಬೇಕಾಗಿತ್ತು. ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ.

ನಾನು ದೊರೆಸ್ವಾಮಿ. ಹುಟ್ಟಿದ್ದು ಮೇಲುಕೋಟೆಯಲ್ಲಿ. ಅಣ್ಣಂದಿರಿಬ್ಬರು ದೇವಸ್ಥಾನ, ಪಾಠಶಾಲೆ ಎಂದು ಮರ್ಯಾದೆಯ ಕೆಲಸ ಹಿಡಿದರು. ನಾನು ಮೂವತ್ತೊಂದು ವರ್ಷ ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದೆ. ನಮ್ಮಮ್ಮ ಸಾಯುವ ತನಕ ನನ್ನನ್ನು ಸ್ನಾನವಾಗದೆ ನಡುಮನೆಗೆ ಬಿಟ್ಟುಕೊಂಡವಳಲ್ಲ. ಪಾಂಡವಪುರ, ಕೆ.ಆರ್. ಪೇಟೆ ಎಂದು ಸುತ್ತಿ ಕೊನೆಗೆ ನಾಗಮಂಗಲದಲ್ಲಿ ನಿವೃತ್ತನಾಗಿ ಇಲ್ಲೇ ಮನೆ ಮಾಡಿದೆ. ಹಳ್ಳಿಯವರಿಗೆ ಸೂಜಿ ಚುಚ್ಚುವವನೆಲ್ಲ ಡಾಕ್ಟರೇ. ಅವರ ತಪ್ಪನ್ನು ತಿದ್ದುವಷ್ಟು ಪ್ರಾಮಾಣಿಕತೆ ನನ್ನಲ್ಲಿ ಯಾವತ್ತೂ ಇರಲಿಲ್ಲ.

ಆದರೆ ಒಂದು ತಪ್ಪನ್ನು ತಿದ್ದಲು ಹೋಗಿ ಬೈಸಿಕೊಂಡಿದ್ದೇನೆ. ನಮ್ಮ ಕೆರೆಯಲ್ಲಿರುವುದು ಹಂಸವಲ್ಲ, ಬಿಳಿ ಹೆಬ್ಬಾತು. ಬೆಳ್ಳೂರು ಕ್ರಾಸಿನ ಹೋಟೆಲಿನವರೊಬ್ಬರು ಗಿರಾಕಿಗಳ ಮಕ್ಕಳು ನೋಡಲೆಂದು ಸಾಕಿದ್ದರು. ಹೋಟೆಲಿನ ಮುಂದಿನ ಕೊಳ ಮುಚ್ಚಬೇಕಾಗಿ ಬಂದಾಗ ಏಳನ್ನೂ ವ್ಯಾನಿನಲ್ಲಿ ತಂದು ನಮ್ಮ ಕೆರೆಗೆ ಬಿಟ್ಟರು. 'ಹಂಸ ಬಂದವಂತೆ' ಎಂದು ಊರಿಗೆ ಊರೇ ಏರಿಯ ಮೇಲೆ ಬಂತು. ನಾನು ನಾಲ್ಕು ಜನಕ್ಕೆ ತಿಳಿಹೇಳಿದೆ. ಕೆರೆ ಸಮಿತಿಯ ಧರ್ಮೇಂದ್ರ, ಗೊಬ್ಬರದಂಗಡಿಯವನು, "ನಿಮ್ದೊಂದು ಯಾವಾಗ್ಲೂ ತಗಾದೆ ಕಣ್ರೀ ಡಾಕ್ಟ್ರೆ. ಬೆಳ್ಳಗವೆ, ಕತ್ತು ಉದ್ದ ಅದೆ, ನೀರ್ ಮ್ಯಾಲೆ ಓಡಾಡ್ತವೆ. ಇನ್ನೇನ್ ಬೇಕು?" ಎಂದ. ಬೇಡ ಬಿಡಿ. ಊರು ಹಂಸ ಎಂದರೆ ನಾನೂ ಹಂಸ ಎಂದೇ ಬರೆಯುತ್ತೇನೆ.

ಕೆರೆಯ ನಡುವೆ, ಹೂಳು ತೆಗೆದಾಗ ಬಿಟ್ಟ ಮಣ್ಣಿನ ದಿಬ್ಬವೊಂದಿದೆ, ಮೇಲೆ ಎರಡು ಜಾಲಿ ಮರ. ಹೊತ್ತು ಇಳಿದರೆ ಹಂಸಗಳು ಸಾಲಾಗಿ ಈಜಿ ದಿಬ್ಬ ಹತ್ತಿ ಕೂರುತ್ತವೆ. ಏರಿಯ ಆಚೆ ಬದಿಗೆ ಕೋಳಿ ಅಂಗಡಿಗಳು. ಅಲ್ಲಿ ಎಸೆದದ್ದನ್ನು ತಿಂದು ಕೊಬ್ಬಿದ ಹತ್ತು ಹನ್ನೆರಡು ನಾಯಿ. ಆ ನಾಯಿಗಳು ದಿಬ್ಬಕ್ಕೆ ಹೋಗುವುದಿಲ್ಲ. ದಡದಲ್ಲಿ ಉಳಿದ ಹಕ್ಕಿಯನ್ನು ಬಿಡುವುದೂ ಇಲ್ಲ. ದಿಬ್ಬ ಸೇರಿದರೆ ಬದುಕು, ಸೇರದಿದ್ದರೆ ಸಾವು. ಯಾರು ಸೇರಬೇಕು, ಯಾರು ಸೇರಬಾರದು ಎಂದು ತೀರ್ಮಾನ ಮಾಡುವುದು ಮೂಗಿನ ಮೇಲೆ ಗಂಟಿರುವ ದೊಡ್ಡ ಗಂಡು. ಕುಳ್ಳಮ್ಮ ಅದಕ್ಕೆ ಪಟೇಲ ಎಂದು ಹೆಸರಿಟ್ಟಿದ್ದಳು.

ಏರಿ ಗುಡಿಸಿ, ಹಂಸಗಳಿಗೆ ಮೇವು ಹಾಕುವುದು ಅವಳ ಕೂಲಿ ಕೆಲಸ. ಇದ್ದದ್ದು ಕೆರೆಯ ಹಿಂದಿನ ತೋಟದಲ್ಲಿ, ತಮ್ಮ ದೇವರಾಜುವಿನ ಮನೆಯಲ್ಲಿ. ಕೆ.ಆರ್. ಪೇಟೆ ಕಡೆಗೆ ಕೊಟ್ಟಿದ್ದರಂತೆ. ಮದುವೆಯಾಗಿ ನಾಲ್ಕನೇ ವರ್ಷ ಗಂಡ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿ ಹೋದ. ಮಕ್ಕಳಿರಲಿಲ್ಲ. ಇಪ್ಪತ್ತನಾಲ್ಕಕ್ಕೆ ತವರಿಗೆ ಬಂದವಳಿಗೆ ಈಗ ಐವತ್ತೆಂಟು. ತಮ್ಮ ಕೆಟ್ಟವನಲ್ಲ. ಅವನ ಮಗಳು ದಿವ್ಯಳನ್ನು ಎತ್ತಿ ಆಡಿಸಿದವಳು, ಎಣ್ಣೆ ನೀರು ಹಾಕಿ ಬೆಳೆಸಿದವಳು ಕುಳ್ಳಮ್ಮನೇ. ಮೂರು ವರ್ಷದ ಕೆಳಗೆ ಆ ಹುಡುಗಿಯ ಮದುವೆಯಾಯಿತು. ಅದರ ಸುದ್ದಿಯನ್ನು ಅವಳೇ ಒಂದು ದಿನ ಹೇಳಿದಳು, ಹಂಸಗಳಿಗೆಂದು ಬಲೆಯ ಬೇಲಿ ಕಟ್ಟುತ್ತಾ, ಮಳೆ ಬಂತು ಹೋಯ್ತು ಎನ್ನುವಷ್ಟು ಸಲೀಸಾಗಿ.

"ತಟ್ಟೆಗೊಳ್ನೆಲ್ಲ ಛತ್ರದ್ ಬಾಗ್ಲು ತಂಕ ನಾನೇ ಹೊತ್ಕೊಂಡೋದೆ. ಆಮ್ಯಾಕೆ ಹಿಂದ್ಗಡೆ ಪಾತ್ರೆ ತಾವ ಬಂದೆ. ಧಾರೆ ಆಯ್ತು ಅಂತ ಓಲಗ ಜೋರಾಗ್ ಬಾರ್ಸುದ್ರಲ್ಲಾ, ಆಗ ತಿಳೀತು."

"ಯಾರಾದರೂ ಬರಬೇಡ ಅಂದ್ರೇನಮ್ಮ?" ಎಂದೆ.

"ಯಾರಾನ ಯಾಕಂದಾರು? ನಂಗೊತ್ತಿಲ್ವಾ?"

ನಾನು ಕೇಳಿದ್ದು ದಡ್ಡ ಪ್ರಶ್ನೆ ಎಂಬಂತೆ ನೋಡಿದಳು. ಅವಳಿಗೆ ತನ್ನ ಕೈಯ ಬಗ್ಗೆ ಯಾವ ಅನುಮಾನವೂ ಇರಲಿಲ್ಲ. ಹಾಲು ಕರೆಯುವುದಕ್ಕೆ, ಕಸ ಬಾಚುವುದಕ್ಕೆ, ಕರು ಅಡ್ಡ ಸಿಕ್ಕಿಕೊಂಡಾಗ ಒಳಗೆ ಕೈ ಹಾಕಿ ತಿರುಗಿಸುವುದಕ್ಕೆ ಅದು ಬೇಕು. ಅರಿಶಿನ ಕುಂಕುಮಕ್ಕೆ ಅಲ್ಲ. ಮೂವತ್ತನಾಲ್ಕು ವರ್ಷದಿಂದ ಹಾಗೇ ನಡೆದುಕೊಂಡು ಬಂದಿದ್ದಳು.

ಕಳೆದ ಮಾಘದಲ್ಲಿ ಒಂದು ಹೆಣ್ಣು ಹಂಸ ದಿಬ್ಬ ಬಿಟ್ಟು ದಡದ ಜೊಂಡಿನಲ್ಲಿ ಮೊಟ್ಟೆಯಿಟ್ಟಿತು. ಕಾವಿಗೆ ಕೂತಾಗ ನಾಯಿಗಳು ಕೊಂದವು. ಬೆಳಗ್ಗೆ ಬಂದ ಕುಳ್ಳಮ್ಮ ಪುಕ್ಕದ ನಡುವೆ ಉಳಿದಿದ್ದ ಐದು ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಮನೆಯಲ್ಲಿ ಕಾವಿಗೆ ಬಂದಿದ್ದ ಕೋಳಿಯ ಕೆಳಗಿಟ್ಟಳು. ಹಂಸದ ಮೊಟ್ಟೆ ಕೋಳಿಗೆ ಭಾರ, ಉರುಳಿಸಲು ಆಗುವುದಿಲ್ಲ. ಉರುಳಿಸದಿದ್ದರೆ ಮರಿ ಒಂದೇ ಮಗ್ಗುಲಿಗೆ ಅಂಟಿಕೊಂಡು ಸಾಯುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ದಿನಕ್ಕೆ ಮೂರು ಸಲ ಕೋಳಿಯ ಹೊಟ್ಟೆಯ ಕೆಳಗೆ ಕೈ ತೂರಿಸಿ, ಕುಕ್ಕಿಸಿಕೊಂಡು, ಒಂದೊಂದನ್ನೂ ಮಗ್ಗುಲು ಬದಲಿಸಿದಳು. ಬೆಚ್ಚನೆಯ ನೀರಿನಲ್ಲಿ ಕೈ ಅದ್ದಿ ಸವರಿದಳು. ಒಂದು ತಿಂಗಳಿಗೆ ಮೂರು ಒಡೆದವು.

ಮೂರು ಮರಿಯೂ ಕಣ್ಣು ಬಿಟ್ಟು ಮೊದಲು ನೋಡಿದ್ದು ಅವಳನ್ನು. ಮುಗಿಯಿತಲ್ಲ, ಆಮೇಲೆ ಅವಳು ಹೋದ ಕಡೆಯೆಲ್ಲ ಮೂರೂ ಹಿಂದೆ. ಹಾಲಿನ ಡೇರಿಗೆ ಹೋದರೆ ಡೇರಿಗೆ, ಹುಲ್ಲು ಕೊಯ್ಯಲು ಹೋದರೆ ಬದುವಿಗೆ. "ನಿಮ್ಮಕ್ಕನ್ ಮೆರವಣಿಗೆ ಬತ್ತಾ ಅದೆ ನೋಡ್ಲಾ" ಎಂದು ಡೇರಿಯಲ್ಲಿ ದೇವರಾಜುವನ್ನು ಛೇಡಿಸುತ್ತಿದ್ದರಂತೆ. ಅವಳು ಅವಕ್ಕೆ ದೊಡ್ಡೋನು, ನಡ್ಲೋನು, ಚಿಕ್ಕೋಳು ಎಂದು ಹೆಸರಿಟ್ಟಳು. ನಾಲ್ಕು ತಿಂಗಳಿಗೆ ಬೂದು ತುಪ್ಪಳ ಉದುರಿ ಬಿಳಿ ಗರಿ ಬಂತು. ಮರಿಗಳು ದನಗಳ ಗೋದಲಿಯಲ್ಲೆಲ್ಲ ಹೇತು, ಹಸು ಮೇವು ಬಿಡತೊಡಗಿದ ಮೇಲೆ ದೇವರಾಜು ಒಂದು ಸಂಜೆ, "ಅಕ್ಕಯ್ಯ, ಇವ್ನ ಕೆರೆಗ್ ಬುಟ್ಬುಡು. ನೀರ್ನಾಗಿರೋವ್ನ ಕೊಟ್ಟಿಗೇಲ್ ಮಡಗ್ಬಾರ್ದು" ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಬಿಟ್ಟಳು. ಐದು ನಿಮಿಷದಲ್ಲಿ ಪಟೇಲ ಕತ್ತು ನೀಡಿಕೊಂಡು, ಬುಸುಗುಟ್ಟುತ್ತಾ ಬಂದು ಮೂರನ್ನೂ ದಡಕ್ಕೆ ಅಟ್ಟಿದ. ಅಂದು ನಾನು ಕೆರೆಯ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದೆ. ಅವಳು ನೇರವಾಗಿ ನನ್ನ ಹತ್ತಿರ ಬಂದಳು.

"ಡಾಕ್ಟ್ರೆ, ನಿಮ್ಮುನ್ನ ಪಶು ಆಸ್ಪತ್ರೇಲಿ ನೋಡಿವ್ನಿ. ಇವು ಸೇರ್ಕಳಾಕೆ ಏನಾನ ಔಸ್ತಿ ಅದಾ?"

ಔಷಧಿಯಿಲ್ಲ, ಉಪಾಯವಿದೆ ಎಂದೆ. ಹೊಸ ಹಕ್ಕಿಯನ್ನು ಹಳೆಯವುಗಳ ನಡುವೆ ಒಮ್ಮೆಗೇ ಬಿಡಬಾರದು. ಕಣ್ಣಿಗೆ ಕಾಣಬೇಕು, ಕೊಕ್ಕಿಗೆ ಸಿಗಬಾರದು. ಮೀನು ಹಿಡಿಯುವವರಿಂದ ಹರಿದ ಬಲೆ ತಂದು, ಮೆಟ್ಟಿಲ ಬಳಿ ಮೊಣಕಾಲುದ್ದ ನೀರಿನಲ್ಲಿ ನಾಲ್ಕು ಬಿದಿರು ನೆಟ್ಟು ಬೇಲಿ ಕಟ್ಟಿದೆವು. ಹಗಲೆಲ್ಲ ಮರಿಗಳು ಬಲೆಯೊಳಗೆ. ಸಂಜೆ ಅವಳ ಹಿಂದೆ ಮನೆಗೆ. ಬಲೆಯ ಈ ಕಡೆ ಒಂದು ಹಿಡಿ ಮೇವು, ಆ ಕಡೆ ಒಂದು ಹಿಡಿ. ಒಟ್ಟಿಗೆ ಉಂಡವರು ಕಾದಾಡುವುದು ಕಡಿಮೆ; ಹಕ್ಕಿಗಳ ಮಟ್ಟಿಗಾದರೂ ಇದು ನಿಜ.

ಮೊದಲ ವಾರ ಪಟೇಲ ಬಲೆಯನ್ನೇ ಕಚ್ಚಿ ಎಳೆದಾಡಿದ. ಎರಡನೆಯ ವಾರ ಬಂದು ತಿಂದು ಬೆನ್ನು ತಿರುಗಿಸಿ ಹೋದ. ಮೂರನೆಯ ವಾರದಲ್ಲಿ ಒಂದು ಬೆಳಗ್ಗೆ ನೋಡುತ್ತೇನೆ, ಬಲೆಗೆ ಒತ್ತಿಕೊಂಡು ಒಂಟಿ ಕಾಲಿನಲ್ಲಿ ನಿಂತು, ಗರಿಯೊಳಗೆ ಕೊಕ್ಕು ತೂರಿಸಿ ನಿದ್ದೆ ಹೋಗಿದ್ದಾನೆ. ಬಲೆಯ ಈ ಕಡೆ, ಅವನ ಮಗ್ಗುಲಲ್ಲೇ, ಚಿಕ್ಕೋಳೂ ಹಾಗೇ ನಿಂತಿದ್ದಾಳೆ. ನನಗೆ ಖುಷಿಯಾಯಿತು ಎಂದರೆ ಸಾಲದು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಯಾರೂ ನನ್ನನ್ನು ಹೊಗಳಿರಲಿಲ್ಲ. ಆ ಬೆಳಗ್ಗೆ ನನ್ನನ್ನು ನಾನೇ ಹೊಗಳಿಕೊಂಡೆ.

"ಶುಕ್ರವಾರ ಬಿಡೋಣ ಕುಳ್ಳಮ್ಮ."

"ಆಗ್ಲಿ" ಎಂದಳು. ಬಕೆಟ್ಟು ಎತ್ತಿಕೊಳ್ಳುತ್ತಾ, "ಅಮ್ಮಾವ್ರುನ್ನ ವಸಿ ಕರ್ಕಂಡ್ ಬತ್ತೀರಾ?" ಎಂದು ಕೇಳಿದಳು.

ಅಮ್ಮಾವ್ರು ಎಂದರೆ ನನ್ನ ಹೆಂಡತಿ ಪದ್ಮ. ಹೊಸ ಮನೆಗೆ ಹೋಗುವ ಮಕ್ಕಳಿಗೆ ಮುತ್ತೈದೆಯೊಬ್ಬಳು ಕುಂಕುಮವಿಟ್ಟು ಕಳಿಸಬೇಕು ಎಂಬುದು ಕುಳ್ಳಮ್ಮನ ಆಸೆ. ನಾನು ನಕ್ಕೆ. ಪದ್ಮ ನಗಲಿಲ್ಲ. ಅವಳು ಹೈಸ್ಕೂಲಿನಲ್ಲಿ ಪಾಠ ಹೇಳಿದವಳು. ಮನೆಗೆ ಬಂದ ಯಾವ ಹೆಂಗಸಿಗೂ ಇವಳಿಗೆ ಕುಂಕುಮ ಕೊಡಬಹುದೋ ಬಾರದೋ ಎಂದು ಲೆಕ್ಕ ಹಾಕದೆ ಕೊಡುವವಳು. ಅದಕ್ಕಾಗಿ ಮೇಲುಕೋಟೆಯ ನಮ್ಮ ಅತ್ತಿಗೆಯರಿಂದ ಬೇಕಾದಷ್ಟು ಕೇಳಿಸಿಕೊಂಡಿದ್ದಾಳೆ.

ಶುಕ್ರವಾರ ಎಂಟು ಗಂಟೆಗೆ ನಾವು ಹೋದಾಗ ಕುಳ್ಳಮ್ಮ ತಲೆಗೆ ಎರೆದುಕೊಂಡು, ಪೆಟ್ಟಿಗೆಯ ಮಡಿಕೆ ಇನ್ನೂ ಕಾಣುತ್ತಿದ್ದ ಹಸಿರು ಸೀರೆ ಉಟ್ಟು ನಿಂತಿದ್ದಳು. ದಿವ್ಯಳ ಮದುವೆಗೆ ಕೊಡಿಸಿದ್ದಂತೆ. ಧರ್ಮೇಂದ್ರ ಮೊಬೈಲು ಹಿಡಿದು ಸಿದ್ಧನಾಗಿದ್ದ. ಪದ್ಮ ಕುಂಕುಮದ ಭರಣಿ ತೆಗೆದು, ಮೆಟ್ಟಿಲ ಮೇಲೆ ಕೂತು, ಮೊದಲು ಕೈಗೆ ಸಿಕ್ಕ ಚಿಕ್ಕೋಳ ತಲೆಗೆ ಒಂದು ಚಿಟಿಕೆ ಇಟ್ಟಳು. ಅಷ್ಟರಲ್ಲಿ ತಲೆಯೆತ್ತಿ ನೋಡಿದಳು. ಕುಳ್ಳಮ್ಮ ನಾಲ್ಕು ಮೆಟ್ಟಿಲು ಮೇಲೆ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

"ಅಲ್ಲೇನು ಮಾಡ್ತಿದ್ದೀಯ ಕುಳ್ಳಮ್ಮ? ಬಾ ಇಲ್ಲಿ. ಉಳಿದೆರಡಕ್ಕೆ ನೀನೇ ಇಡು."

"ಅಯ್ಯೋ ಬುಡಿ ಅಮ್ಮಾವ್ರೆ. ನಾನು ಇಕ್ಬಾರ್ದು."

"ಯಾರು ಹೇಳಿದ್ದು? ಮೊಟ್ಟೆ ತಿರುವಿ ತಿರುವಿ ಇವನ್ನ ಬದುಕಿಸಿದ್ದು ಯಾರ ಕೈ? ನಂದಾ? ಹೆತ್ತ ತಾಯಿ ಹಾಗೆ ಸಾಕಿದ್ದೀಯ. ನೀನಿಡದೆ ಇನ್ಯಾರು ಇಡಬೇಕು? ಬಾ ಅಂದ್ರೆ ಬಾ."

ಕುಳ್ಳಮ್ಮ ನನ್ನನ್ನು ನೋಡಿದಳು. ನಾನು ಇಡು ಎಂಬಂತೆ ತಲೆಯಾಡಿಸಿದೆ. ಅವಳು ಇಳಿದು ಬಂದಳು. ಒಣ ಕುಂಕುಮ ಗರಿಯ ಮೇಲೆ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸಂಕ್ರಾಂತಿಯಲ್ಲಿ ಮೈ ತೊಳೆದ ಹಸುವಿನ ಹಣೆಗೆ ಹರಳೆಣ್ಣೆಯಲ್ಲಿ ಕಲಸಿಟ್ಟರೆ ಮೂರು ದಿನ ಹೋಗುವುದಿಲ್ಲ. ಪದ್ಮಳಿಗೆ ಕೊಡಲೆಂದು ಒಂದು ಸಣ್ಣ ಬಾಟಲಿಯಲ್ಲಿ ಹರಳೆಣ್ಣೆ ತಂದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಹೇಳಲು ಸಂಕೋಚಪಟ್ಟು ಸುಮ್ಮನಿದ್ದಳು. ಈಗ ಅಂಗೈಯಲ್ಲಿ ಎಣ್ಣೆ ಸುರಿದು, ಕುಂಕುಮ ಕಲಸಿ, ದೊಡ್ಡೋನ ಬಿಳಿ ತಲೆಯ ಮೇಲೆ ನಾಲ್ಕಾಣೆ ಅಗಲಕ್ಕೆ ಒತ್ತಿ ಇಟ್ಟಳು. ನಡ್ಲೋನಿಗೂ ಇಟ್ಟಳು.

ಈಗ ನನ್ನ ವಿಷಯ. ಪಾಂಡವಪುರದಲ್ಲಿದ್ದಾಗ ಕೋಳಿ ಸಾಕುವವರಿಗೆ ನೂರು ಸಲ ಹೇಳಿದ್ದೇನೆ. ಒಂದು ಹಕ್ಕಿಯ ಮೈಮೇಲೆ ಕೆಂಪು ಕಂಡರೆ ಉಳಿದವು ಅದನ್ನೇ ಕುಕ್ಕುತ್ತವೆ, ಸಾಯುವ ತನಕ ಕುಕ್ಕುತ್ತವೆ; ಗಾಯಕ್ಕೆ ನೀಲಿ ಔಷಧಿ ಬಳಿದು ಕೆಂಪು ಮರೆಸಿ ಎಂದು. ದೊಡ್ಡೋನ ತಲೆಯ ಮೇಲೆ ಆ ಬೊಟ್ಟು ಕೂತ ಗಳಿಗೆಯಲ್ಲೇ ಅದು ನೆನಪಿಗೆ ಬಂತು. ಆಮೇಲೆ ಹೊಳೆದದ್ದಲ್ಲ, ಆಗಲೇ ಹೊಳೆಯಿತು. ಬಾಯಿಯವರೆಗೂ ಬಂತು. ಅಷ್ಟರಲ್ಲಿ ಕುಳ್ಳಮ್ಮ ತಲೆಯೆತ್ತಿದಳು. ಕಣ್ಣಲ್ಲಿ ನೀರಿತ್ತು, ಬಾಯಿ ನಗುತ್ತಿತ್ತು. ಮೂವತ್ತನಾಲ್ಕು ವರ್ಷಕ್ಕೆ ಮೊದಲ ಸಲ ಒಬ್ಬರಿಗೆ ಕುಂಕುಮವಿಟ್ಟ ಹೆಂಗಸಿಗೆ, ಆ ಕೈ ಇನ್ನೂ ಕೆಂಪಗಿರುವಾಗಲೇ, 'ಅಳಿಸು' ಎಂದು ಹೇಗೆ ಹೇಳುವುದು? ಶುಭದ ಹೊತ್ತಿನಲ್ಲಿ ಬೇಡ ಎನ್ನಬಾರದು ಎಂದು ನಮ್ಮಮ್ಮ ಕಲಿಸಿದ್ದು ನಾಲಿಗೆಯನ್ನು ಹಿಡಿಯಿತು. ಇವು ಕೋಳಿಯಲ್ಲವಲ್ಲ ಎಂದುಕೊಂಡೆ. ಒಂದು ಮುಳುಗು ಹಾಕಿದರೆ ಹೋದೀತು ಎಂದುಕೊಂಡೆ. ಎಣ್ಣೆಯಲ್ಲಿ ಕಲಸಿದ್ದು ನೀರಿಗೆ ಹೋಗುವುದಿಲ್ಲ ಎಂದೂ ನನಗೆ ಗೊತ್ತಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ನನ್ನದು ಆಡದೆ ಹೋದ ಮಾತು.

ಧರ್ಮೇಂದ್ರ ಬಲೆಯ ಗಂಟು ಬಿಚ್ಚಿದ. ಮೂರೂ ಈಜಿಕೊಂಡು ಹೊರಗೆ ಹೋದವು. ಚಿಕ್ಕೋಳು ಖುಷಿಗೆ ಮುಳುಗಿ ಎದ್ದಳು. ಪದ್ಮ ಇಟ್ಟ ಒಣ ಕುಂಕುಮ ಅಲ್ಲಿಗೇ ತೊಳೆದುಹೋಯಿತು. ಪಟೇಲ ದಿಬ್ಬದ ಕಡೆಯಿಂದ ನಿಧಾನವಾಗಿ ಬಂದ. ಬುಸುಗುಟ್ಟಲಿಲ್ಲ. ದಿನಾ ಬರುವ ಹಾಗೇ ಬಂದ. ಚಿಕ್ಕೋಳ ಪಕ್ಕದಲ್ಲೇ ಹಾದು ದೊಡ್ಡೋನ ಎದುರಿಗೆ ನಿಂತು, ಕತ್ತು ಒಂದು ಕಡೆಗೆ ವಾಲಿಸಿ ಆ ಬೊಟ್ಟನ್ನು ನೋಡಿದ. ಒಂದು ಸಲ ಕುಕ್ಕಿದ. ಎಣ್ಣೆ ಕುಂಕುಮ ಕತ್ತಿನವರೆಗೂ ಹರಡಿತು. ಕೆಂಪು ಹೆಚ್ಚಿದಂತೆ ಮತ್ತೆ ಕುಕ್ಕಿದ. ಆಮೇಲೆ ಬಂದದ್ದು ನಿಜವಾದ ರಕ್ತ. ಉಳಿದ ಐದೂ ಕಿರುಚುತ್ತಾ ಬಂದವು.

"ಬುಡ್ಸಿ! ಬುಡ್ಸಿ!" ಎನ್ನುತ್ತಾ ಕುಳ್ಳಮ್ಮ ಹಸಿರು ಸೀರೆಯಲ್ಲೇ ನೀರಿಗಿಳಿದಳು. ಎದೆಮಟ್ಟ ನೀರಿನವರೆಗೂ ಹೋದಳು. ಅದಕ್ಕಿಂತ ಮುಂದೆ ಹೂಳಿತ್ತು. ಅವಳ ಕೈಗೆ ಮೂರು ಮಾರು ದೂರದಲ್ಲಿ ಪಟೇಲ ದೊಡ್ಡೋನ ಕತ್ತು ಕಚ್ಚಿ ಹಿಡಿದು, ಬೆನ್ನೇರಿ, ನೀರಿನ ಕೆಳಗೆ ಒತ್ತಿದ. ಮೇಲೆ ಬಂದಾಗ ಕತ್ತು ಜೋತಿತ್ತು. ನಡ್ಲೋನು ತಲೆಯೆಲ್ಲ ಕೆಂಪಾಗಿ, ರೆಕ್ಕೆ ಬಡಿಯುತ್ತಾ ದಡ ಹತ್ತಿ, ಕುರುಡಾದಂತೆ ಏರಿ ದಾಟಿ ಆಚೆ ಇಳಿಯಿತು. ಆಚೆ ಕೋಳಿ ಅಂಗಡಿಗಳು. ನಾವು ಏರಿ ಹತ್ತುವಷ್ಟರಲ್ಲಿ ನಾಯಿಗಳ ಗದ್ದಲ ನಿಂತಿತ್ತು.

ಚಿಕ್ಕೋಳನ್ನು ಯಾವ ಹಂಸವೂ ಮುಟ್ಟಲಿಲ್ಲ. ಅದು ಹೆದರಿ ತಾನಾಗಿ ಮೆಟ್ಟಿಲ ಬಳಿಗೆ ಬಂದು, ತೇಲಿಬಂದ ದೊಡ್ಡೋನ ಹೆಣ ಎತ್ತಿಕೊಂಡು ನೀರಿನಿಂದ ಬರುತ್ತಿದ್ದ ಕುಳ್ಳಮ್ಮನ ಕಾಲಿಗೆ ಒತ್ತಿಕೊಂಡಿತು. ಅವಳು ಅದನ್ನು ನೋಡಿದಳು. ತನ್ನ ಅಂಗೈ ನೋಡಿಕೊಂಡಳು. ಎಣ್ಣೆ ಕುಂಕುಮ ನೀರಿನಲ್ಲೂ ಹೋಗಿರಲಿಲ್ಲ. ಅಳಲಿಲ್ಲ. ದೊಡ್ಡೋನನ್ನು ಮೆಟ್ಟಿಲ ಮೇಲೆ ಮಲಗಿಸಿ, ಕೈಯನ್ನು ಕಲ್ಲಿಗೆ ಉಜ್ಜತೊಡಗಿದಳು. ಪದ್ಮ ಹೋಗಿ ಹಿಡಿದುಕೊಂಡಾಗ, "ನಾನ್ ಯೋಳುದ್ನಲ್ಲಾ ಅಮ್ಮಾವ್ರೆ, ನಾನಿಕ್ಬಾರ್ದು ಅಂತ" ಎಂದಳು, ಅಷ್ಟೇ. ಚಿಕ್ಕೋಳು ಹಿಂಬಾಲಿಸದ ಹಾಗೆ ಓಡಿಕೊಂಡೇ ಮನೆಗೆ ಹೋದಳು. ಅಂದಿನಿಂದ ಕೆರೆಗೆ ಬಂದಿಲ್ಲ.

ಪದ್ಮ ಎರಡು ದಿನ ಊಟ ಬಿಟ್ಟಳು. "ನಾನು ಬಲವಂತ ಮಾಡಬಾರದಿತ್ತು, ಅವಳ ಪಾಡಿಗೆ ಬಿಡಬೇಕಿತ್ತು" ಎಂದು ಹೇಳಿದ್ದನ್ನೇ ಹೇಳಿದಳು. ಎರಡು ದಿನ ನಾನು ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ಮೂರನೆಯ ದಿನ, ಕೆಂಪಿನ ವಿಷಯ ನನಗೆ ಮೊದಲೇ ಗೊತ್ತಿತ್ತು ಎಂದು ಹೇಳಿದೆ. ಅವಳು ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ನನ್ನನ್ನು ನೋಡಿದಳು. "ನೀವು ಮನುಷ್ಯರಾ?" ಎಂದಳು. ನಲವತ್ತು ವರ್ಷದಲ್ಲಿ ಅವಳು ನನಗೆ ಹಾಗೆ ಅಂದದ್ದು ಅದೇ ಮೊದಲು. ಆಮೇಲೆ, "ನನಗೆ ಹೇಳಿ ಏನು ಬಂತು? ಹೋಗಿ ಅವಳಿಗೆ ಹೇಳಿ" ಎಂದಳು.

ಹೋಗಲಿಲ್ಲ. ಮೊದಲು ಚಿಕ್ಕೋಳನ್ನು ಸೇರಿಸಿಬಿಟ್ಟು, ಆ ಒಳ್ಳೆಯ ಸುದ್ದಿಯ ಜೊತೆಗೆ ಇದನ್ನೂ ಹೇಳೋಣ ಎಂದುಕೊಂಡೆ. ಹೇಡಿಗೆ ನೆಪ ಹುಡುಕಿಕೊಡಬೇಕೆ? ಚಿಕ್ಕೋಳು ಅವತ್ತಿನಿಂದ ನಮ್ಮ ಮನೆಯಲ್ಲೇ ಇತ್ತು. ಬಲೆ ಮತ್ತೆ ಕಟ್ಟಿದೆ. ಬೆಳಗ್ಗೆ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗುವುದು, ಸಂಜೆ ಮನೆಗೆ ತರುವುದು. ಪಟೇಲನಿಗೆ ಅದರ ಮೇಲೆ ದ್ವೇಷವೇನೂ ಇರಲಿಲ್ಲ. ಬಲೆಯ ಪಕ್ಕ ಬಂದು ಎಂದಿನಂತೆ ನಿಲ್ಲುತ್ತಿದ್ದ. ಚಿಕ್ಕೋಳೇ ಅವನ ಕಡೆಗೆ ತಿರುಗುತ್ತಿರಲಿಲ್ಲ. ದಿನವಿಡೀ ತೋಟದ ದಾರಿಯ ಕಡೆಗೆ ಮುಖ ಮಾಡಿ ಕೂಗುತ್ತಿತ್ತು. ಮೇವು ಮುಟ್ಟುತ್ತಿರಲಿಲ್ಲ. ಬಾಯಿ ಬಿಡಿಸಿ ನೆನೆಸಿದ ರಾಗಿ ತುರುಕಿದರೆ ಅರ್ಧ ಉಗುಳುತ್ತಿತ್ತು. ಹತ್ತು ದಿನಕ್ಕೆ ಎದೆಯ ಮೂಳೆ ಕತ್ತಿಯ ಅಲುಗಿನಂತೆ ಕೈಗೆ ಸಿಗತೊಡಗಿತು. ಕುಳ್ಳಮ್ಮ ಬಂದು ಒಂದು ವಾರ ಬಲೆಯ ಹತ್ತಿರ ನಿಂತರೆ ಅದು ತಿನ್ನುತ್ತದೆ, ತಿಂದರೆ ದಿಬ್ಬ ಸೇರುತ್ತದೆ. ಅವಳು ಬರದಿದ್ದರೆ ಇಲ್ಲ. ಇದು ಕಾಂಪೌಂಡರಿಗೂ ತಿಳಿಯುವ ವಿಷಯ.

ಹನ್ನೊಂದನೆಯ ದಿನ ಬುಟ್ಟಿಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ದೇವರಾಜುವಿನ ತೋಟಕ್ಕೆ ಹೋದೆ. ಕುಳ್ಳಮ್ಮ ಕೊಟ್ಟಿಗೆಯ ಮುಂದೆ ಸಗಣಿ ಬಾಚುತ್ತಿದ್ದಳು. ನನ್ನನ್ನು ನೋಡಿ ಕೈ ತೊಳೆದುಕೊಂಡು, ಮಣೆ ಹಾಕಿ, "ಅಮ್ಮಾವ್ರು ಸೆಂದಾಗವ್ರಾ?" ಎಂದಳು. ಬುಟ್ಟಿಯ ಮೇಲೆ ಗೋಣಿ ಹೊದಿಸಿದ್ದೆ. ಮೊದಲು ಮಾತು, ಆಮೇಲೆ ಹಕ್ಕಿ ಎಂದು ನಿರ್ಧರಿಸಿಕೊಂಡು ಬಂದಿದ್ದೆ.

"ಕುಳ್ಳಮ್ಮ, ಅದು ನಿನ್ನ ಕೈಯಿಂದ ಆದದ್ದಲ್ಲ" ಎಂದೆ. "ಕೆಂಪಿನಿಂದ ಆದದ್ದು. ಹಕ್ಕಿಗಳು ಕೆಂಪು ಕಂಡರೆ ಕುಕ್ಕುತ್ತವೆ. ಪದ್ಮ ಇಟ್ಟದ್ದು ಒಣ ಕುಂಕುಮ, ನೀರಲ್ಲಿ ತೊಳೆದುಹೋಯ್ತು. ನೀನಿಟ್ಟದ್ದು ಎಣ್ಣೇದು, ಹೋಗಲಿಲ್ಲ. ಅಷ್ಟೇ ವ್ಯತ್ಯಾಸ. ನನಗೆ ಅವತ್ತೇ, ಅಲ್ಲೇ ಗೊತ್ತಿತ್ತು. ನೋಡ್ತಾ ನಿಂತಿದ್ದೆ. ಹೇಳಲಿಲ್ಲ. ತಪ್ಪು ನಂದು. ನನ್ನನ್ನ ಬೈಯಿ."

ಬೈಯುತ್ತಾಳೆ ಎಂದುಕೊಂಡೆ. ಬೈದರೆ ಸಾಕು ಎಂದು ಕಾದೆ.

"ಗೊತ್ತಿದ್ರೆ ನೀವು ಯೋಳ್ದೆ ಇರ್ತಿದ್ರಾ?" ಎಂದಳು. "ಮೂರ್ ವಾರ ನನ್ ಜತೇಲಿ ನೀರ್ನಾಗ್ ನಿಂತ್ಕಂಡು ಬಲೆ ಕಟ್ದೋರು. ಹಸಕ್ಕೆ ಒಂದು ಉಣ್ಣೆ ಅಂಟ್ಕಂಡ್ರೂ ಮನೆ ತಂಕ ಬಂದು ಯೋಳೋರು ನೀವು. ನಾನ್ ನೊಂದ್ಕತೀನಿ ಅಂತ ನಿಮ್ ಮ್ಯಾಕೆ ಹಾಕ್ಕಬ್ಯಾಡಿ ಡಾಕ್ಟ್ರೆ. ಒಳ್ಳೇವ್ರು ನೀವು."

"ಸುಳ್ಳಲ್ಲ ಕುಳ್ಳಮ್ಮ. ದೇವರಾಣೆಗೂ ನನಗೆ ಗೊತ್ತಿತ್ತು."

"ಅಮ್ಮಾವ್ರು ಇಕ್ಕಿದ್ದು ಉಳ್ಕಂತು. ನಾನಿಕ್ಕಿದ್ದು ಎರಡೂ ಓದೊ. ಇದ್ರಾಗೆ ಇನ್ನೇನದೆ ತಿಳ್ಕಳಾದು?"

ನನ್ನಲ್ಲಿದ್ದ ಉತ್ತರವನ್ನು ಆಗಲೇ ಹೇಳಿಯಾಗಿತ್ತು.

ಅವಳ ದನಿ ಕೇಳಿ ಬುಟ್ಟಿಯೊಳಗೆ ಗಲಾಟೆ ಎದ್ದಿತ್ತು. ಗೋಣಿಯನ್ನು ತಲೆಯಿಂದಲೇ ನೂಕಿ ಚಿಕ್ಕೋಳು ಹೊರಗೆ ಬಿತ್ತು. ಹನ್ನೊಂದು ದಿನ ಸರಿಯಾಗಿ ತಿನ್ನದ ಹಕ್ಕಿ. ಎರಡು ಸಲ ಮುಗ್ಗರಿಸಿ ಎದ್ದು, ಸಣ್ಣಗೆ ಕೂಗುತ್ತಾ ನೇರ ಅವಳ ಹತ್ತಿರ ಓಡಿ, ಸೀರೆಯ ಅಂಚನ್ನು ಕೊಕ್ಕಿನಿಂದ ಹಿಡಿದು ಜಗ್ಗಿತು. ಕುಳ್ಳಮ್ಮ ಬಾಗಿದಳು. ಎರಡೂ ಕೈ ಅದರ ಎದೆಯವರೆಗೂ ಹೋದವು. ಅಲ್ಲೇ ನಿಂತವು. ಬೆಂಕಿ ಮುಟ್ಟಿದವಳಂತೆ ಹಿಂದಕ್ಕೆಳೆದುಕೊಂಡು, ಎರಡನ್ನೂ ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿ ಹಿಡಿದಳು.

"ಓಗವ್ವ. ಓಗು ನನ್ನವ್ವ" ಎಂದಳು ಅದಕ್ಕೆ. ಆಮೇಲೆ ನನಗೆ, ಅಳುತ್ತಾ, "ತಗಂಡೋಗ್ಬುಡಿ ಡಾಕ್ಟ್ರೆ. ಇಲ್ಲ ಅಂದ್ರೆ ಮುಟ್ಬುಡ್ತೀನಿ. ಇದೊಂದಾನ ಉಳ್ಕಳ್ಲಿ."

ನಾನು ಚಿಕ್ಕೋಳನ್ನು ಎತ್ತಿಕೊಂಡೆ. ಕೈಯಲ್ಲಿ ತೂಕವೇ ಇರಲಿಲ್ಲ. ಬುಟ್ಟಿಗೆ ಹಾಕಿ, ಗೋಣಿ ಹೊದಿಸಿ, ಅದು ಕೂಗುತ್ತಿದ್ದಂತೆಯೇ ಸ್ಕೂಟರು ತಿರುಗಿಸಿದೆ. ತೋಟದ ಗೇಟಿನ ಹತ್ತಿರ ಹಿಂದಿರುಗಿ ನೋಡಿದಾಗ ಅವಳು ಇನ್ನೂ ಅಲ್ಲೇ, ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ನಿಂತಿದ್ದಳು.